ಚೀಟಿಯ ಹಿಂದಿನ ಅಲಂಕಾರ

ದರ್ಜಿಗೆ ಮಾತು ಬರುತ್ತಿರಲಿಲ್ಲ ಅಂತಲ್ಲ. ಬರಬೇಕಾದಾಗ ಬರುತ್ತಿರಲಿಲ್ಲ, ಬಂದಾಗ ಬರಬಾರದ್ದೇ ಬರುತ್ತಿತ್ತು. ಹೊಟ್ಟೆ ತುಸು ಮುಂದೆ ಬಂದ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, "ಟೇಪು ಸಾಲಲ್ಲ ಸಾರ್" ಅಂದುಬಿಡುವ ಪೈಕಿ ಅವನು. ಗಿರಾಕಿಯ ಮುಖ ಕೆಂಪೇರುವಷ್ಟರಲ್ಲಿ ಮಿಷನ್ನಿನ ಹಿಂದಿನಿಂದ ಅಕ್ಕ ತಲೆಯೆತ್ತಿ, ಅದು ಹಳೇ ಟೇಪು, ತುದಿ ಹರಿದುಹೋಗಿದೆ ಅಂತ ನಗಿಸಿ, ಅದೇ ಗಿರಾಕಿಯಿಂದ ಇನ್ನೊಂದು ಪ್ಯಾಂಟಿನ ಬಟ್ಟೆಯನ್ನೂ ಇಸಿದುಕೊಳ್ಳುತ್ತಿದ್ದಳು. ಇಪ್ಪತ್ತಾರು ವರ್ಷ ಆ ಅಂಗಡಿ ನಡೆದದ್ದು ಹೀಗೆ. ತಮ್ಮನದು ಕತ್ತರಿ, ಅಕ್ಕನದು ಸೂಜಿ. ಬಟ್ಟೆಯಲ್ಲೂ ಅಷ್ಟೇ, ಮಾತಿನಲ್ಲೂ ಅಷ್ಟೇ.

ಈಗ ಅಕ್ಕನ ಮಿಷನ್ನಿಗೆ ಮುಸುಕು ಹಾಕಿ ಎರಡು ತಿಂಗಳಾಗಿತ್ತು.

ಆ ಅಂಗಡಿಯಲ್ಲಿ ಒಂದು ನಿಯಮವಿತ್ತು. ಇಬ್ಬರಿಗೂ ಕೆಲಸ ಕಲಿಸಿದ ಅಪ್ಪ ಮಾಡಿಟ್ಟದ್ದು: ಒಬ್ಬರ ಹೊಲಿಗೆಯನ್ನು ಇನ್ನೊಬ್ಬರು ಹೇಳದೆ ಬಿಚ್ಚಬಾರದು. "ಬಿಚ್ಚುತ್ತೀನಿ" ಅನ್ನಬೇಕು, "ಬಿಚ್ಚು" ಅನ್ನಿಸಿಕೊಳ್ಳಬೇಕು, ಆಮೇಲೆ ಬ್ಲೇಡು. ಎರಡು ತಿಂಗಳ ಹಿಂದೆ ಬೀದಿಯ ಕೊನೆಯ ಕನ್ನಡಕದಂಗಡಿಯವರು ಅಂಗಿ ಒಯ್ಯಲು ಬಂದಿದ್ದರು. ಕಣ್ಣಿನ ವ್ಯಾಪಾರದವರು, ಕಣ್ಣಿಗೆ ಬೀಳದೆ ಇರುತ್ತದೆಯೇ. ಕಾಲರಿನ ಎಡ ಮೂಲೆ ಬಲಕ್ಕಿಂತ ಒಂದೆಳೆ ಉದ್ದವಿದೆ ಅಂದರು. ದರ್ಜಿ ಒಂದು ಮಾತೂ ಆಡದೆ ಬ್ಲೇಡು ತೆಗೆದುಕೊಂಡ. ಅಕ್ಕ ಹೊಲಿದ ಕಾಲರನ್ನು, ಅಕ್ಕನ ಎದುರಿಗೇ, ಗಿರಾಕಿಯ ಎದುರಿಗೇ, ಚರ್ ಚರ್ ಅಂತ ಬಿಚ್ಚಿ ತಾನೇ ಹೊಲಿದುಕೊಟ್ಟ. ತಲೆಯೆತ್ತಿ ನೋಡಿದರೆ ಅಕ್ಕನೂ ಇಲ್ಲ, ಅಕ್ಕನ ಕತ್ತರಿಯೂ ಇಲ್ಲ.

ಮಾರನೆಯ ದಿನ ಅಕ್ಕನ ಮನೆಗೆ ಹೋಗಿ ಅವನು ಸಮಾಧಾನ ಹೇಳಿದ. ಹೇಳಿದ್ದೇನೆಂದರೆ, ವಯಸ್ಸಾದ ಮೇಲೆ ಎಲ್ಲರಿಗೂ ಕಣ್ಣು ಮಂಜಾಗುತ್ತೆ, ಅದರಲ್ಲಿ ನಾಚಿಕೆ ಪಡೋದೇನಿಲ್ಲ ಅಂತ. ಅಕ್ಕ ಬಾಗಿಲು ಹಾಕಿಕೊಂಡಳು.

ಹೀಗಿರುವಾಗ ಅಕ್ಕನ ಮಗಳು ಸುದ್ದಿ ತಂದಳು. ಅವಳು ಲೈಬ್ರರಿಯ ಕೌಂಟರಿನಲ್ಲಿ ಕೂರುವವಳು, ಮಾಮನನ್ನು ರೇಗಿಸುವುದರಲ್ಲಿ ಪಳಗಿದವಳು. ದೊಡ್ಡ ರೆಡಿಮೇಡ್ ಅಂಗಡಿಯವರು ಅಮ್ಮನನ್ನು ಪ್ಯಾಂಟಿನ ಉದ್ದ ಮೋಟು ಮಾಡುವ ಕೆಲಸಕ್ಕೆ ಕರೆದಿದ್ದಾರೆ, ಬರುವ ತಿಂಗಳು ಒಂದನೇ ತಾರೀಖಿಗೆ ಸೇರಬೇಕು, ಅಮ್ಮ ಹೂಂ ಅಂದಾಗಿದೆ ಅಂದಳು.

ಅಕ್ಕ, ಕಾಲರಿನ ರಾಣಿ, ಯಾರೋ ಹೊಲಿದ ಪ್ಯಾಂಟಿನ ಕಾಲು ಮಡಚುತ್ತಾ ಕೂರುವುದೇ? ದರ್ಜಿ ಕತ್ತರಿ ಕೆಳಗಿಟ್ಟ. ಈಗಲೇ ಹೋಗಿ ಮಾತಾಡುತ್ತೇನೆ ಅಂತ ಎದ್ದ.

"ಮಾಮ, ಕೂತ್ಕೋ," ಅಂದಳು ಅಕ್ಕನ ಮಗಳು. "ನೀನು ಬಾಯಿ ಬಿಟ್ರೆ ಅಮ್ಮ ಒಂದನೇ ತಾರೀಖಿನವರೆಗೂ ಕಾಯಲ್ಲ, ನಾಳೆನೇ ಸೇರ್ಕೋತಾಳೆ. ಬರೆದು ಕೊಡು. ಬರೆಯೋದು ಹೇಗೆ ಅಂತ ಕಲಿ."

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಮಂಗಳವಾರ ಸಂಜೆ ನಿವೃತ್ತ ಮೇಷ್ಟ್ರೊಬ್ಬರು ಬರವಣಿಗೆಯ ತರಗತಿ ನಡೆಸುತ್ತಿದ್ದರು. ಒಂದನೇ ತಾರೀಖಿಗೆ ಮುಂಚೆ ನಾಲ್ಕು ಮಂಗಳವಾರ ಉಳಿದಿದ್ದವು.

ಮೊದಲ ದಿನ ಮೇಷ್ಟ್ರು ಅಲಂಕಾರ ಅಂದಾಗ ದರ್ಜಿ ಲೇಸು, ಜರಿ, ಹೊಳೆಯುವ ಗುಂಡಿ ಅಂದುಕೊಂಡ. ಅಲ್ಲ, ಮಾತಿಗೆ ಹಾಕುವ ಅಲಂಕಾರವಂತೆ. ಅದನ್ನು ಕಲಿಯಲು ಮೇಷ್ಟ್ರದು ಒಂದೇ ದಾರಿ: ಅಚ್ಚಾದ ಒಂದು ವಾಕ್ಯ ತನ್ನಿ, ಅದರ ಎಲುಬು ಹಾಗೇ ಇಟ್ಟುಕೊಳ್ಳಿ, ಮೇಲಿನ ಮಾಂಸ ನಿಮ್ಮದು ಹಾಕಿ. ದರ್ಜಿಗೆ ಜೀವ ಬಂತು. ಇದು ಅವನ ದಿನದ ಕೆಲಸ. ಗಿರಾಕಿ ತನಗೆ ಒಪ್ಪುವ ಹಳೇ ಅಂಗಿ ತಂದು ಇದೇ ಥರ ಹೊಲಿ ಅಂದರೆ, ಅದನ್ನು ಬಿಚ್ಚಿ, ತುಂಡುಗಳಿಗೆ ಇಸ್ತ್ರಿ ಹಾಕಿ, ಕಾಗದದ ಮೇಲೆ ಹರಡಿ ಅಚ್ಚು ತೆಗೆದು, ಹೊಸ ಬಟ್ಟೆ ಕತ್ತರಿಸುವುದು. ತೋಳು ತೋಳಿನ ಜಾಗಕ್ಕೆ, ಕ್ರಿಯಾಪದ ಕ್ರಿಯಾಪದದ ಜಾಗಕ್ಕೆ.

ತರಗತಿಯಲ್ಲಿ ಇನ್ನೂ ಕೆಲವರಿದ್ದರು. ಔಷಧಿ ಅಂಗಡಿಯವರು ಯಾವ ವಾಕ್ಯ ಅನುಕರಿಸಿದರೂ ಅದು ಊಟದ ನಂತರ ಎರಡು ಸಲ ಅಂತ ಮುಗಿಯುತ್ತಿತ್ತು. ಬಸ್ ಕಂಡಕ್ಟರಮ್ಮನ ವಾಕ್ಯದಲ್ಲಿ ಪದಗಳು ಒಂದರ ಮೇಲೊಂದು ಬಿದ್ದು ಉಸಿರಿಗೂ ಜಾಗವಿರುತ್ತಿರಲಿಲ್ಲ. ಓದುವವರೇ ಸ್ವಲ್ಪ ಮುಂದೆ ಹೋಗಿ ನಿಲ್ಲಬೇಕು. ದರ್ಜಿಯ ಅನುಕರಣೆ ಮಾತ್ರ ಮೂಲಕ್ಕೆ ಎಳೆ ತಪ್ಪದಂತೆ ಕೂರುತ್ತಿತ್ತು. ಮೇಷ್ಟ್ರು ಬೆನ್ನು ತಟ್ಟಿದರು. ಅದೇ ಅವನನ್ನು ಕೆಡಿಸಿತು.

ಮೊದಲ ವಾರ ಅವನು ಅಚ್ಚು ತೆಗೆದದ್ದು ಪತ್ರಿಕೆಯ ಸಂಪಾದಕೀಯದಿಂದ. ಸಂಜೆಯೆಲ್ಲ ಕೂತು ಅಕ್ಕನಿಗೆ ಬರೆದ: "ಸಂಬಂಧಪಟ್ಟ ಅಕ್ಕಂದಿರು ಇನ್ನಾದರೂ ಎಚ್ಚೆತ್ತುಕೊಳ್ಳದಿದ್ದರೆ ಮುಂದಿನ ದಿನಗಳಲ್ಲಿ ಇಡೀ ಅಂಗಡಿ ಭಾರಿ ಬೆಲೆ ತೆರಬೇಕಾದೀತು. ಇದಕ್ಕೆ ಹೊಣೆ ಯಾರು?" ಅಕ್ಕನ ಮಗಳು ಒಯ್ದು ಕೊಟ್ಟಳು. ಕಾಗದ ಮರುದಿನವೇ ವಾಪಸ್ ಬಂತು. ಅಂಚಿನಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಅಕ್ಕ ಬರೆದಿದ್ದಳು: "ಯಾರ ಅಳತೆ ಇದು? ಕಂಕುಳಲ್ಲಿ ಹಿಡಿಯುತ್ತೆ."

ಎರಡನೇ ವಾರ ಮೇಷ್ಟ್ರು ಉಪಮೆ ಹೇಳಿಕೊಟ್ಟರು. ಬಿಗಿಯಾಯಿತು ಅಂದಳಲ್ಲ, ಸ್ವಲ್ಪ ಸಡಿಲ ಬಿಡೋಣ ಅಂತ ದರ್ಜಿ ಪ್ರವಾಸದ ಮಾಸಪತ್ರಿಕೆಯೊಂದರ ಜಲಪಾತದ ವರ್ಣನೆ ಹಿಡಿದ. ನೀರು ಇದ್ದಲ್ಲಿ ಅಕ್ಕ, ಬಂಡೆ ಇದ್ದಲ್ಲಿ ಅಂಗಡಿ, ಹಾಗೆ ಒಂದೊಂದೇ ತುಂಡು ಬದಲಿಸುತ್ತಾ ಹೋದ. ಅಚ್ಚಿನ ಗೆರೆಯಾಚೆ ಹೋಗದ ಶಿಸ್ತು ಇಲ್ಲಿ ಕೈಕೊಟ್ಟಿತು. "ಹಾಲಿನಂತೆ ನೊರೆ ಚೆಲ್ಲುತ್ತಾ ನೀನು ಮಿಷನ್ನಿನ ಮುಂದೆ ಇನ್ನೂರು ಅಡಿ ಆಳಕ್ಕೆ ಧುಮುಕುವುದನ್ನು ನೋಡಲು ಗಿರಾಕಿಗಳು ದೂರದೂರದಿಂದ ಬರುತ್ತಾರೆ. ಮಕ್ಕಳನ್ನು ಹತ್ತಿರ ಬಿಡಬಾರದು." ವಾಪಸ್ ಬಂದ ಕಾಗದದಲ್ಲಿ ಎರಡೇ ಪದ: "ತುಂಬಾ ದೊಗಳೆ."

ಅದೇ ವಾರ ಕನ್ನಡಕದಂಗಡಿಯವರು ಅಂಗಿ ಹಿಡಿದು ಮತ್ತೆ ಬಂದರು. ಒಗೆದು ಇಸ್ತ್ರಿ ಹಾಕಿ ನೋಡಿದರೆ ಈಗ ಬಲಮೂಲೆ ಎಡಕ್ಕಿಂತ ಉದ್ದವಂತೆ. ಹೋದ ಸಲ ಒಂದೆಳೆ, ಈ ಸಲ ಎರಡೆಳೆ. ದರ್ಜಿ ಸ್ಕೇಲು ಇಟ್ಟು ನೋಡಿದ. ನಿಜ. ಅಂಗಿಯನ್ನು ಗೂಟಕ್ಕೆ ತಗುಲಿಹಾಕಿದ. ಬ್ಲೇಡಿನ ಕಡೆಗೆ ಹೋದ ಕೈಯನ್ನು ಯಾಕೋ ಹಿಂದಕ್ಕೆ ಎಳೆದುಕೊಂಡ.

ಮೂರನೇ ಮಂಗಳವಾರ ಮೇಷ್ಟ್ರು ಆವೃತ್ತಿಗೆ ಬಂದರು. ಪ್ರತಿ ವಾಕ್ಯವನ್ನೂ ಒಂದೇ ಪದದಿಂದ ಶುರು ಮಾಡಿದರೆ ಓದುವವರ ಎದೆ ಕರಗುತ್ತದೆ ಅಂದರು. ಎದೆ ಕರಗುವ ವಾಕ್ಯ ಎಲ್ಲಿ ಸಿಗುತ್ತದೆ ಅಂತ ದರ್ಜಿ ಪತ್ರಿಕೆಯ ಪುಟಪುಟ ತಿರುವಿದ. ಒಳಗಿನ ಒಂದು ಪುಟದಲ್ಲಿ, ಸಣ್ಣ ಸಣ್ಣ ಫೋಟೋಗಳ ಕೆಳಗೆ, ಬೇಕಾದಷ್ಟು ಸಿಕ್ಕಿತು. ಬರೆಯುತ್ತಾ ಅವನ ಕಣ್ಣೇ ಒದ್ದೆಯಾಯಿತು: "ಇನ್ನಾರು ನಮ್ಮ ಕಾಲರ್ ತಿರುವುವರು? ಇನ್ನಾರು ನಮ್ಮ ಕಾಜಾ ಕಟ್ಟುವರು? ಇನ್ನೆಂದು ಕಾಣುವೆವು ಆ ನಗುಮುಖ?"

ಈ ಸಲ ಕಾಗದ ಬರಲಿಲ್ಲ. ಅಕ್ಕನ ಮಗಳು ಬಂದಳು, ನಗು ತಡೆದುಕೊಂಡು ಹೊಟ್ಟೆ ಹಿಡಿದುಕೊಂಡು.

"ಅಮ್ಮ ಹೇಳಿ ಕಳಿಸಿದ್ದಾಳೆ, ಅವಳು ಇನ್ನೂ ಸತ್ತಿಲ್ವಂತೆ."

ದರ್ಜಿ ತಲೆ ಮೇಲೆ ಕೈ ಹೊತ್ತು ಕೂತ. ಅಕ್ಕನ ಮಗಳು ನಗು ನಿಲ್ಲಿಸಿದಳು. ಅಮ್ಮ ರೆಡಿಮೇಡ್ ಅಂಗಡಿಗೆ ಹೋಗಿ ಕೂರುವ ಜಾಗ ನೋಡಿಕೊಂಡು ಬಂದಳು, ಕಿಟಕಿ ಇಲ್ಲ ಅಂದಳು ಅಂತ ಮೆತ್ತಗೆ ಹೇಳಿ, ಹೋಗುವ ಮುಂಚೆ ಇಷ್ಟು ಸೇರಿಸಿದಳು: "ಮಾಮ, ಊರಿನವರ ಅಂಗಿಯ ಅಚ್ಚು ತೆಗೆದು ಅಮ್ಮನಿಗೆ ಹೊಲಿದ್ರೆ ಹೇಗೆ ಸರಿ ಹೋಗುತ್ತೆ?"

ನಾಲ್ಕನೇ ಮಂಗಳವಾರ, ಕೊನೆಯದು. ಮೇಷ್ಟ್ರು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಮುಕ್ತಪದಗ್ರಸ್ತ ಅಂತ ಬರೆದರು. ಔಷಧಿ ಅಂಗಡಿಯವರು ಅದು ಯಾವ ಕಾಯಿಲೆ ಅಂತ ಕೇಳಿದರು. ಕಾಯಿಲೆಯಲ್ಲ, ಒಂದು ಸಾಲು ಬಿಟ್ಟ ಪದವನ್ನೇ ಮುಂದಿನ ಸಾಲು ಎತ್ತಿಕೊಳ್ಳುವುದು, ಬಿಟ್ಟದ್ದನ್ನು ಹಿಡಿದುಕೊಂಡು ಹೋಗುವುದು ಅಂತ ಮೇಷ್ಟ್ರು ವಿವರಿಸಿದರು. ಮಿಷನ್ನಿನಲ್ಲಿ ಹೊಲಿಗೆ ಕೊನೆಯಾಗುವಾಗ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದೆ ಬರುತ್ತೇವಲ್ಲ, ಹಾಗೆ ಅಂತ ದರ್ಜಿಗೆ ಅನ್ನಿಸಿತು. ಅನ್ನಿಸಿದ್ದೇ ಅವನ ಕೈ ಜೇಬಿಗೆ ಹೋಯಿತು. ಅಲ್ಲಿ ಅಂಗಡಿಯ ಚೀಟಿಯೊಂದಿತ್ತು, ಬಟ್ಟೆ ತೆಗೆದುಕೊಂಡಾಗ ಗಿರಾಕಿಗೆ ಕೊಡುವುದು. ಮುಂದೆ ತಾರೀಖು, ಅಳತೆ. ಹಿಂದೆ ಇಪ್ಪತ್ತಾರು ವರ್ಷದಿಂದ ಅದೇ ಆರು ಸಾಲು, ಯಾರೂ ಓದದ್ದು, ಅವನೂ ನೆಟ್ಟಗೆ ಓದದ್ದು. ಎದ್ದು ನಿಂತು ಓದಿದ:

"ಹೇಳಿದ ದಿನ ಬಟ್ಟೆ ಕೊಡುತ್ತೇವೆ. ಕೊಟ್ಟ ಬಟ್ಟೆ ಇಲ್ಲೇ ಹಾಕಿ ನೋಡಿ. ನೋಡಿದಾಗ ಸರಿಯಿಲ್ಲ ಎನಿಸಿದರೆ ಹೇಳಿ. ಹೇಳಿದರೆ ಬಿಚ್ಚುತ್ತೇವೆ. ಬಿಚ್ಚಿದ್ದನ್ನು ಮತ್ತೆ ಹೊಲಿಯುತ್ತೇವೆ. ಹೊಲಿದವರು ನಾವೇ, ತಪ್ಪೂ ನಮ್ಮದೇ."

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಇಂಥದ್ದನ್ನು ಬರೆದವರು ಯಾರು, ಎಲ್ಲಿ ಅಚ್ಚಾಗಿದೆ ಅಂತ ಕೇಳಿದರು.

"ನಮ್ಮಕ್ಕ ಸಾರ್. ಚೀಟಿ ಹಿಂದೆ. ವರ್ಷಕ್ಕೆ ಎರಡು ಸಾವಿರ ಪ್ರತಿ."

ತಮ್ಮ ಪುಸ್ತಕ ಮುನ್ನೂರು ಪ್ರತಿಯ ಮೇಲೆ ಅಚ್ಚಾಗಿಲ್ಲ ಅಂತ ಮೇಷ್ಟ್ರು ಗೊಣಗಿಕೊಂಡರು. ಆದರೆ ದರ್ಜಿಗೆ ಅದು ಕೇಳಿಸಲಿಲ್ಲ. ನಾಲ್ಕನೇ ಸಾಲಿನ ಮೇಲೆ ಅವನ ಬೆರಳು ನಿಂತುಬಿಟ್ಟಿತ್ತು. ಹೇಳಿದರೆ ಬಿಚ್ಚುತ್ತೇವೆ. ಅಪ್ಪನ ನಿಯಮವನ್ನು ಅಕ್ಕ ಊರಿಗೆಲ್ಲ ಅಚ್ಚು ಹಾಕಿಸಿ ಹಂಚಿದ್ದಳು.

ಅವನು ಅಲ್ಲೇ ಕೂತು, ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಬರೆದ. ಮೇಷ್ಟ್ರು ಬಗ್ಗಿ ನೋಡಿ ನಡುವೆ ಒಂದು ಉಪಮೆ ಹಾಕಿದರೆ ಹೇಗೆ ಅಂದರು. ಬೇಡ ಸಾರ್, ಇದು ನಮ್ಮಕ್ಕನ ಅಳತೆ ಅಂತ ದರ್ಜಿ ಕಾಗದ ಮಡಚಿದ.

ಒಂದನೇ ತಾರೀಖು ಬೆಳಗ್ಗೆ ಉತ್ತರ ಬಂದಿರಲಿಲ್ಲ. ಅಕ್ಕನ ಮನೆಯಿಂದ ರೆಡಿಮೇಡ್ ಅಂಗಡಿಗೆ ಹೋಗಬೇಕಾದರೆ ಇದೇ ಬೀದಿಯಲ್ಲಿ ಹಾಯಬೇಕು, ಹತ್ತು ಗಂಟೆಯ ಒಳಗೆ. ದರ್ಜಿ ಎಂಟಕ್ಕೇ ಬಾಗಿಲು ತೆಗೆದು, ಒಂದು ಕಣ್ಣು ಬೀದಿಯ ಮೇಲೆ ಇಟ್ಟುಕೊಂಡು ಪ್ಯಾಂಟು ಕತ್ತರಿಸತೊಡಗಿದ. ಒಂಬತ್ತೂವರೆಗೆ ನೋಡಿಕೊಂಡರೆ ಎರಡೂ ಎಡಗಾಲೇ ಕತ್ತರಿಸಿಟ್ಟಿದ್ದ.

"ಒಂದೇ ಕಾಲಿನವರು ಇಬ್ಬರು ಬಂದಿದ್ರಾ?" ಅಂತ ಬಾಗಿಲಿನಿಂದ ಕೇಳಿಸಿತು.

ಅಕ್ಕ. ಮೂಗಿನ ಮೇಲೆ ಹೊಸ ಕನ್ನಡಕ, ಕಂಕುಳಲ್ಲಿ ಚೀಲ, ಚೀಲದಿಂದ ಕತ್ತರಿಯ ಮೂತಿ ಹೊರಗೆ. ಒಳಗೆ ಬಂದಳೇ ಹೊರತು ಕೂರಲಿಲ್ಲ. ಅವನ ಕಾಗದ ತೆಗೆದು ಮೇಜಿನ ಮೇಲೆ ಹರಡಿದಳು, ಅಂಗೈಯಿಂದ ಸುಕ್ಕು ತೀಡಿದಳು:

"ಅಕ್ಕಾ, ಆ ದಿನ ನಿನ್ನ ಕಾಲರ್ ಬಿಚ್ಚಿದೆ. ಬಿಚ್ಚುವ ಮೊದಲು ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನೇ ನೋಡುತ್ತಿದ್ದೆ. ನೋಡಿದ್ದರೆ ನೀನೇ ಸರಿ ಮಾಡುತ್ತಿದ್ದೆ. ನಾನು ಹೊಲಿದದ್ದು ಅದಕ್ಕಿಂತ ಸೊಟ್ಟ, ಅಂಗಿ ವಾಪಸ್ ಬಂದಿದೆ. ಬಂದದ್ದು ಗೂಟದಲ್ಲಿದೆ, ಮುಟ್ಟಿಲ್ಲ. ಮುಟ್ಟಬೇಕಾದವಳು ನೀನು. ಬಿಚ್ಚಿದವನು ನಾನೇ, ತಪ್ಪೂ ನನ್ನದೇ."

"ಇದು ನನ್ನ ಮಾತು," ಅಂದಳು ಅಕ್ಕ. "ಕದ್ದಿದ್ದೀಯ."

"ಕದ್ದಿಲ್ಲ. ಅಚ್ಚು ತೆಗೆದಿದ್ದೀನಿ."

"ಎರಡು ಕಡೆ ಹೊಲಿಗೆ ಬಿಟ್ಟಿದೆ. ಇಲ್ಲಿ, ಮಾಡುತ್ತಿದ್ದೆ ಆದಮೇಲೆ. ಆಮೇಲೆ ಕೊನೇಲಿ."

ದರ್ಜಿ ಬಾಯಿ ತೆರೆದ. ಬರಬಾರದ್ದೇನೋ ನಾಲಿಗೆಯ ತುದಿಗೆ ಬಂದದ್ದು ಅವನಿಗೇ ಗೊತ್ತಾಯಿತು, ಕನ್ನಡಕದ ಬಗ್ಗೆ. ನುಂಗಿಕೊಂಡ.

ಅಕ್ಕ ಗೂಟದ ಹತ್ತಿರ ಹೋಗಿ ಅಂಗಿ ಇಳಿಸಿದಳು. ಕಾಲರನ್ನು ಬೆಳಕಿಗೆ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ, ಬಹಳ ಹೊತ್ತು ನೋಡಿದಳು. ತುಟಿಯ ಒಂದು ಮೂಲೆ ಇನ್ನೊಂದಕ್ಕಿಂತ ಎರಡೆಳೆ ಮೇಲೇರಿತು.

"ನಿನ್ನ ಹೊಲಿಗೆ. ಬಿಚ್ಚುತ್ತೀನಿ," ಅಂದಳು.

"ಬಿಚ್ಚು."

ಮಿಷನ್ನಿನ ಮುಸುಕು ತೆಗೆದು ಕೂತು ಬ್ಲೇಡು ಹಿಡಿದಳು. ಗೋಡೆಯ ಗಡಿಯಾರ ಹತ್ತು ಹೊಡೆಯಿತು, ಇಬ್ಬರೂ ಅದರ ಕಡೆ ನೋಡಲಿಲ್ಲ. ಅಕ್ಕ ಕಾಲರಿನ ಮೇಲೆ ಸ್ವಲ್ಪ ಹೆಚ್ಚೇ ಬಗ್ಗಿದ್ದಾಳೆ ಅಂತ ದರ್ಜಿಗೆ ಕಂಡಿತು. ಹೊಸ ಕನ್ನಡಕ, ಇನ್ನೂ ಪಳಗಿರಲಿಲ್ಲ. ಅವನು ಸದ್ದಿಲ್ಲದೆ ಮೇಜಿನ ದೀಪದ ಕಡೆ ಕೈ ಚಾಚಿದ.

"ಹೇಳಿ ಸರಿಸು," ಅಂದಳು ಅಕ್ಕ ತಲೆಯೆತ್ತದೆ.

"ದೀಪ ಸರಿಸ್ತೀನಿ, ಅಕ್ಕ."

"ಸರಿಸು."