ಅಚ್ಚಿಗೆ ಮೊದಲು ಹೇಳಿದ ಲೆಕ್ಕ

ವಾಡಿಯ ಡಾಕ್ಟರ್ ಜೈಬುನ್ನೀಸಾ, ಊರಾಚೆಯ ಬೆಣಚುಕಲ್ಲಿನ ಗಿರಣಿಯ ಅರವತ್ತೆರಡು ಕೂಲಿಗಳ ಎದೆಯ ಎಕ್ಸ್‌ರೇ ತೆಗೆಸಲು ಎರಡು ವರ್ಷ ಓಡಾಡಿದ್ದರು. ಹತ್ತೊಂಬತ್ತು ಮಂದಿಯ ಶ್ವಾಸಕೋಶ ಕಲ್ಲಿನ ಧೂಳಿನಿಂದ ಗಂಟುಗಟ್ಟಿತ್ತು. ರೋಗಿಗಳಿಗೆ ಅವರವರ ವಿಷಯ ತಿಳಿಸಿದ್ದರು. ಗಿರಣಿಯವರು ಮಾತ್ರ ಅದು ಕ್ಷಯವೆಂದೇ ವಾದಿಸುತ್ತಿದ್ದರು.

1979ರ ಮಾರ್ಚಿನಲ್ಲಿ ಮುಂಬಯಿಯ ವೈದ್ಯಕೀಯ ಪತ್ರಿಕೆಯೊಂದು ಈ ಬಗ್ಗೆ ಡಾಕ್ಟರು ಬರೆದ ಪ್ರಬಂಧವನ್ನು ಒಪ್ಪಿಕೊಂಡಿತು. ನವೆಂಬರಿನಲ್ಲಿ ಪ್ರಕಟಣೆ. ಅಲ್ಲಿಯವರೆಗೆ ಈ ಅಂಕಿಗಳು ಸಭೆಯಲ್ಲಾಗಲಿ ದಿನಪತ್ರಿಕೆಯಲ್ಲಾಗಲಿ ಬಂದರೆ ಪ್ರಬಂಧ ವಾಪಸ್ ಎಂದು ಸಂಪಾದಕರು ಬರೆದಿದ್ದರು.

ಏಪ್ರಿಲಿನಲ್ಲಿ ಸಾಬಮ್ಮ ಬಂದಳು. ಗಿರಣಿಯಲ್ಲಿ ಕಲ್ಲಿನ ಪುಡಿ ಜರಡಿ ಹಿಡಿಯುವವಳು. ಅಲ್ಲೇ ದುಡಿದ ಗಂಡ ಖಂಡಪ್ಪ ಹಾಸಿಗೆ ಹಿಡಿದಿದ್ದ.

"ಸೋಮವಾರ ಚಿತ್ತಾಪುರದಾಗ ಲೇಬರ್ ಸಾಹೇಬರು ಗಿರಣಿ ಧೂಳಿನ ವಿಚಾರಣಿ ಇಟ್ಟಾರ್ರಿ ಡಾಕ್ಟರಬಾಯಿ. ನೀವು ಬಂದು ಹೇಳ್ರಿ."

"ನವೆಂಬರ ತನಕ ತಡಿ ಸಾಬಮ್ಮ. ಅಚ್ಚಾಗಿ ಬಂದ ಮ್ಯಾಲ ಯಾರೂ ಸುಳ್ಳನ್ನಂಗಿಲ್ಲ."

"ಅಲ್ಲೀತನಕ ನಾ ಅದೇ ಧೂಳಾಗ ಕುಂದರಲೇನ್ರಿ?"

ವಿಚಾರಣೆಯಲ್ಲಿ ಅಂಕಿಗಳನ್ನು ಹೇಳಲು ಅನುಮತಿ ಕೇಳಿ ಡಾಕ್ಟರು ಅಂದೇ ಸಂಪಾದಕರಿಗೆ ತಂತಿ ಕಳಿಸಿದರು. ಭಾನುವಾರ ಸಂಜೆಯಾದರೂ ಜವಾಬು ಬರಲಿಲ್ಲ. ಸೋಮವಾರ ಎಕ್ಸ್‌ರೇಗಳನ್ನು ಚೀಲದಲ್ಲಿಟ್ಟುಕೊಂಡು ಚಿತ್ತಾಪುರದ ರೈಲು ಹತ್ತಿದರು. ಮಾತಾಡುವುದೋ ಬಿಡುವುದೋ, ಇಳಿಯುವಾಗಲೂ ತೀರ್ಮಾನವಾಗಿರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಕೊನೆಯ ಬೆಂಚಿನ ಮೇಲೆ ಕುಳಿತರು. ಪಕ್ಕದಲ್ಲೇ ಕಲಬುರ್ಗಿಯ ಒಬ್ಬ ವರದಿಗಾರ ಪೆನ್ಸಿಲ್ ಹಿಡಿದಿದ್ದ. ಗಿರಣಿಯ ವಕೀಲ ಎದ್ದು, "ಧೂಳಿನ ಬ್ಯಾನಿ ಅನ್ಲಿಕ್ಕ ಒಂದರೆ ಪುರಾವೆ ಅದ ಏನ್ರಿ? ಇವೆಲ್ಲಾ ಟಿ.ಬಿ. ಕೇಸು," ಎಂದ.

ಮುಂದಿನ ಬೆಂಚಿನಲ್ಲಿದ್ದ ಸಾಬಮ್ಮ ಹಿಂತಿರುಗಿ ನೋಡಲಿಲ್ಲ. ತಲೆ ತಗ್ಗಿಸಿಯೇ ಕುಳಿತಿದ್ದಳು.

"ಬ್ಯಾರೆ ಯಾರರೆ ಮಾತಾಡೋರಿದ್ದೀರೇನು?" ಅಧಿಕಾರಿ ಕಡತ ಮುಚ್ಚತೊಡಗಿದರು.

ಜೈಬುನ್ನೀಸಾ ಎದ್ದರು. ಒಂದು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಪುರಾವೆ ಅದ್ರಿ. ಅರವತ್ತೆರಡು ಮಂದಿಯೊಳಗ ಹತ್ತೊಂಬತ್ತು ಮಂದಿಗಿ ಧೂಳಿನ ಬ್ಯಾನಿ. ಅದರಾಗ ಹದಿನೇಳು ಮಂದಿ ಕಫದಾಗ ಟಿ.ಬಿ. ಹುಳಾನೇ ಇಲ್ಲ."

ವರದಿಗಾರನ ಪೆನ್ಸಿಲ್ ಓಡುವ ಸದ್ದು ಅವರಿಗೆ ಕೇಳಿಸಿತು. ನಿಲ್ಲಿಸಲಿಲ್ಲ, ಅಂಕಿಗಳನ್ನೆಲ್ಲ ಪೂರ್ತಿ ಹೇಳಿದರು.

ನೀರು ಸಿಂಪಡಿಸುವ ವ್ಯವಸ್ಥೆಯಾಗುವವರೆಗೆ ಗಿರಣಿ ಮುಚ್ಚಬೇಕೆಂದು ಅಧಿಕಾರಿ ಆದೇಶಿಸಿದರು. ಮರುದಿನ ಸುದ್ದಿ ಅಚ್ಚಾಯಿತು. ಅದೇ ದಿನ ಸಂಪಾದಕರ ತಂತಿಯೂ ಬಂತು: ಅನುಮತಿ ಇಲ್ಲ. ಹದಿನೈದು ದಿನದಲ್ಲಿ ಪ್ರಬಂಧ ವಾಪಸಾಯಿತು. ಜೈಬುನ್ನೀಸಾ ಲಕೋಟೆ ಒಡೆದು, ಬಾಗಿಲು ಹಾಕಿಕೊಂಡು ಅತ್ತರು.

ಖಂಡಪ್ಪ ಶ್ರಾವಣದಲ್ಲಿ ತೀರಿಕೊಂಡ. ಸಾಬಮ್ಮ ಮತ್ತೆ ಗಿರಣಿಗೆ ಹೋಗತೊಡಗಿದಾಗ ಅಲ್ಲಿ ಪುಡಿ ಒದ್ದೆಯಾಗಿತ್ತು, ಗಾಳಿ ತಿಳಿಯಾಗಿತ್ತು.