ಕಪ್ಪು ಪರದೆಯ ಗುಮಾಸ್ತೆ

ಆಸ್ಪತ್ರೆಯ ಶವಾಗಾರದ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದ ಗುಮಾಸ್ತೆಯನ್ನು ಎಲ್ಲರೂ ಟಕಟಕ ಅಕ್ಕ ಅಂತಲೇ ಕರೆಯುತ್ತಿದ್ದರು. ಕೀಲಿಮಣೆಯ ಮೇಲೆ ಅವಳ ಬೆರಳು ಓಡುವ ಸದ್ದು ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು. ಅವಳ ಮುಂದಿದ್ದದ್ದು ಹಳೇ ಕಾಲದ ಕಂಪ್ಯೂಟರು. ಕಪ್ಪು ಪರದೆ, ದಪ್ಪ ಬಿಳಿ ಅಕ್ಷರ, ಮಿನುಗುವ ಒಂದು ಗೆರೆ, ಅಷ್ಟೇ. ಚಿತ್ರವಿಲ್ಲ, ಮೌಸಿಲ್ಲ. ಏನು ಬೇಕೋ ಅದನ್ನು ಬರೆದೇ ಕೇಳಬೇಕು. ತಪ್ಪು ಬರೆದರೆ ಒಂದು ಸಲ ಕುಂಯ್ ಅಂದು ಸುಮ್ಮನಾಗುತ್ತಿತ್ತು. ಶವವನ್ನು ಮನೆಯವರಿಗೆ ಒಪ್ಪಿಸಬೇಕಾದರೆ ಅದರ ಸಂಖ್ಯೆಯನ್ನು ಎರಡು ಸಲ ಬರೆಯಬೇಕಿತ್ತು. ಎರಡೂ ತಾಳೆಯಾದರೆ ಮಾತ್ರ ಚೀಟಿ ಬರುತ್ತಿತ್ತು.

ಅವಳ ಕಣ್ಣು ಹೋಗುತ್ತಿದೆ ಅನ್ನುವುದು ಗಂಡನೊಬ್ಬನಿಗೇ ಗೊತ್ತಿತ್ತು. ನಾಲ್ಕು ವರ್ಷದಿಂದ ನೋಟದ ನಟ್ಟನಡುವೆ ಒಂದು ಕಲೆ ಕೂತು ನಿಧಾನಕ್ಕೆ ಅಗಲವಾಗುತ್ತಿತ್ತು. ಬಸ್ಸಿನ ಬೋರ್ಡು ಓದಲಾಗುತ್ತಿರಲಿಲ್ಲ. ಎದುರಿಗೆ ಬಂದವರನ್ನು ದನಿಯಿಂದ ಗುರುತಿಸುತ್ತಿದ್ದಳು. "ಸಂಖ್ಯೆ ಜೋರಾಗಿ ಓದಿ," ಅಂತ ಕಿಟಕಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅದು ಆಸ್ಪತ್ರೆಯ ನಿಯಮ ಅಂದುಕೊಂಡು ಅವರೂ ಓದುತ್ತಿದ್ದರು. ಮುಂದಿನದ್ದನ್ನು ಬೆರಳೇ ನೋಡಿಕೊಳ್ಳುತ್ತಿತ್ತು.

"ಆಫೀಸಿಗೆ ಹೇಳಿಬಿಡೇ," ಅಂತ ಶಾಲೆಯ ವ್ಯಾನು ಓಡಿಸುತ್ತಿದ್ದ ಗಂಡ ಆಗಾಗ ಅನ್ನುತ್ತಿದ್ದ.

"ಹೇಳಿದ್ರೆ ನಾಳೆನೇ ಮೂಲೆಗೆ ಕೂರಿಸ್ತಾರೆ. ರಿಟೈರಾಗೋಕೆ ಇನ್ನು ಮೂರು ವರ್ಷ ತಾನೆ, ಹೇಗೋ ತಳ್ತೀನಿ."

ಅಷ್ಟರಲ್ಲಿ ಆಸ್ಪತ್ರೆಗೆಲ್ಲ ಹೊಸ ಕಂಪ್ಯೂಟರು ಬಂದವು. ಬೆರಳಿಂದ ಮುಟ್ಟಿ ಒತ್ತುವ ಬೆಳ್ಳಗಿನ ಪರದೆ, ಅದರ ಮೇಲೆ ತೆಳು ಬೂದು ಅಕ್ಷರ, ಸಾಸಿವೆಕಾಳಿನಷ್ಟು ಚಿತ್ರಗಳು. ಹಳೆಯ ಕಮಾಂಡುಗಳನ್ನು ನೆನಪಿಡಲಾಗದೆ ಒದ್ದಾಡುತ್ತಿದ್ದ ಎಕ್ಸ್‌ರೇ ವಿಭಾಗದವರು ಬದುಕಿಕೊಂಡೆವು ಅಂದರು. ಕಲಿಸಲು ಬಂದ ಎಂಜಿನಿಯರು ಒಳ್ಳೆಯವನೇ. "ಬರೆಯೋದೇ ಬೇಡ ಅಕ್ಕ, ನೋಡಿ ಒತ್ತಿದ್ರಾಯ್ತು," ಅಂದ. ನೋಡುವುದೊಂದೇ ಅವಳಿಂದ ಆಗದ ಕೆಲಸ. ಅವಳು ತಲೆಯಾಡಿಸಿದಳು.

ಅವಳು ಫೋನಿನಲ್ಲಿ ತೆಗೆದು ತಂದ ಫೋಟೋ ನೋಡಿ, ಮನೆಯಲ್ಲಿ ಗಂಡ ಒಂದು ರಟ್ಟಿನ ಮೇಲೆ ಆ ಪರದೆಯನ್ನು ಬರೆದುಕೊಟ್ಟ. ಪಟ್ಟಿ ಎಲ್ಲಿ, ಹಸಿರು ಗುಂಡಿ ಎಲ್ಲಿ, ಯಾವ ಸಾಲು ಎಷ್ಟು ಬೆರಳು ಕೆಳಗೆ. ಅವಳು ಮಗ್ಗಿಯಂತೆ ಬಾಯಿಪಾಠ ಮಾಡಿದಳು. ದಿನಾ ಬೆಳಿಗ್ಗೆ ಮೊದಲೇ ಬಂದು, ಮೂಗು ಗಾಜಿಗೆ ತಾಗಿಸಿ, ಕಣ್ಣಂಚಿನಿಂದ ಪಟ್ಟಿ ಓದಿ, ಯಾರು ಎಷ್ಟನೇ ಸಾಲಿನಲ್ಲಿದ್ದಾರೆ ಅಂತ ನೆನಪಿಟ್ಟುಕೊಳ್ಳುತ್ತಿದ್ದಳು. ಎರಡು ತಿಂಗಳು ಹಾಗೇ ಸಾಗಿತು.

ಆಮೇಲೆ ಬಣ್ಣದ ಗೋದಾಮಿಗೆ ಬೆಂಕಿ ಬಿತ್ತು. ಇಬ್ಬರು ಕೆಲಸಗಾರರು ಸತ್ತರು. ಇಬ್ಬರದೂ ಒಂದೇ ವಯಸ್ಸು, ಇಬ್ಬರ ಮುಖವೂ ಗುರುತು ಸಿಗದಷ್ಟು ಸುಟ್ಟಿತ್ತು. ಮೊದಲನೆಯವನ ಅಣ್ಣ ಬೆಲ್ಟಿನ ಬಕಲ್ಲು ನೋಡಿ ತಮ್ಮನನ್ನು ಗುರುತಿಸಿದ. ಮರುದಿನ ಹನ್ನೊಂದು ಗಂಟೆಗೆ ಕಿಟಕಿಗೆ ಬಂದು ಅಳುತ್ತಲೇ ಸಂಖ್ಯೆ ಓದಿದ. "ನಲವತ್ತೇಳು."

ನಲವತ್ತೇಳು ಮೂರನೇ ಸಾಲು. ಅವಳ ಲೆಕ್ಕ ಸರಿಯಾಗೇ ಇತ್ತು. ಆದರೆ ಅದೇ ಹೊತ್ತಿಗೆ ಮೇಲಿನ ವಾರ್ಡಿನವರು ಹೊಸ ಶವವೊಂದನ್ನು ದಾಖಲಿಸಿದ್ದರು. ಪಟ್ಟಿ ಸದ್ದಿಲ್ಲದೆ ಒಂದು ಸಾಲು ಕೆಳಗೆ ಜಾರಿತ್ತು. ಅವಳು ಮೂರನೇ ಸಾಲು ಒತ್ತಿದಳು. ಹೆಸರು ತೋರಿಸಿ ಖಚಿತವೇ ಅಂತ ಕೇಳುವ ಚಿಕ್ಕ ಚೌಕ ಬಂತು. ಹಸಿರು ಗುಂಡಿ ಒತ್ತಿದಳು. ಚೀಟಿಯಲ್ಲಿದ್ದ ಸಂಖ್ಯೆ ನೋಡಿ ಶವಾಗಾರದ ಕೆಲಸದವನು ಬಟ್ಟೆ ಸುತ್ತಿದ ದೇಹವನ್ನು ಅಣ್ಣನಿಗೆ ಒಪ್ಪಿಸಿದ. ಮಧ್ಯಾಹ್ನಕ್ಕೆಲ್ಲ ಅವರು ಸುಟ್ಟು ಮನೆಗೆ ಹೋಗಿದ್ದರು.

ಮಾರನೇ ಬೆಳಿಗ್ಗೆ ಇನ್ನೊಬ್ಬನ ತಾಯಿ ಬಂದು ಐವತ್ತೆರಡು ಅಂತ ಸಂಖ್ಯೆ ಓದಿದರು. ಕೆಲಸದವನು ಒಳಗೆ ಹೋದವನು ತುಂಬಾ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವಳ ಕಿವಿಯ ಹತ್ತಿರ ಬಗ್ಗಿದ.

"ಅಕ್ಕಾ, ಐವತ್ತೆರಡು ಇಲ್ಲ. ನಲವತ್ತೇಳು ಇಲ್ಲೇ ಇದೆ."

ಹಿಂದಿನ ದಿನ ಅವಳು ಅಣ್ಣನಿಗೆ ಕೊಡಿಸಿದ್ದು ಐವತ್ತೆರಡನ್ನು.

ವಿಚಾರಣೆ ಅದೇ ದಿನ, ಎಂಜಿನಿಯರನ್ನೂ ಕರೆಸಿ, ಸೂಪರಿಂಟೆಂಡೆಂಟರ ಕೋಣೆಯಲ್ಲಿ ನಡೆಯಿತು. ಅವರು ಬಾಗಿಲು ಹಾಕಿ ಮೆಲ್ಲಗೆ ಹೇಳಿದರು. "ಪಟ್ಟಿ ಜಾರಿತು ಅಂತ ಬರ್ಕೊಡಿ. ಯಂತ್ರದ ತಪ್ಪು ಅಂತ ಮುಗಿಸೋಣ. ಇಷ್ಟು ವರ್ಷದ ಸರ್ವಿಸು ನಿಮ್ಮದು."

ಎಂಜಿನಿಯರು ಒಪ್ಪಲಿಲ್ಲ. "ಜಾರಿದ್ದು ನಿಜ ಸಾರ್. ಆದ್ರೆ ಆಮೇಲೆ ಹೆಸರು ಹನ್ನೊಂದು ಸೆಕೆಂಡು ಎದುರಿಗೇ ಇತ್ತು. ಓದ್ಲಿಲ್ವಾ ಅಕ್ಕ?"

ತಪ್ಪಿಸಿಕೊಳ್ಳಲು ದಾರಿ ಇನ್ನೂ ಇತ್ತು. ಗಡಿಬಿಡಿಯಲ್ಲಿದ್ದೆ ಅಂದಿದ್ದರೆ ಸಾಕಿತ್ತು. ಆದರೆ ಹೊರಗಿನ ಬೆಂಚಿನಲ್ಲಿ ಆ ತಾಯಿ ಯಾರಿಗೋ ಫೋನಿನಲ್ಲಿ, "ಹುಡುಕ್ತಿದ್ದಾರಂತೆ, ಕೊಡ್ತಾರಂತೆ," ಅನ್ನುತ್ತಿದ್ದದ್ದು ಒಳಗೆ ಕೇಳುತ್ತಿತ್ತು.

"ಓದೋಕಾಗ್ಲಿಲ್ಲ," ಅಂದಳು. "ನಂಗೆ ಕಣ್ಣು ಕಾಣ್ಸಲ್ಲ. ನಾಲ್ಕು ವರ್ಷ ಆಯ್ತು."

ಎಂಜಿನಿಯರು ಮೇಜಿನ ಮೇಲಿದ್ದ ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿದ. ಪರದೆ ಕಪ್ಪಾಯಿತು, ಅಕ್ಷರಗಳು ಬೆಳ್ಳಗೆ, ಅಂಗೈಯಗಲ ಬೆಳೆದವು. ಅವಳಿಗೂ ಕಾಣಿಸಿದವು. ಇನ್ನೊಂದು ಗುಂಡಿ ಒತ್ತಿದ. ಯಂತ್ರವೇ ಪಟ್ಟಿಯನ್ನು ಓದತೊಡಗಿತು, ಸಂಖ್ಯೆ ಮತ್ತು ಹೆಸರು, ಒಂದೊಂದಾಗಿ, ಏರಿಳಿತವಿಲ್ಲದ ದನಿಯಲ್ಲಿ.

"ಇದೆಲ್ಲ ಮೊದಲ ದಿನದಿಂದ್ಲೇ ಇತ್ತು ಅಕ್ಕ," ಅಂದ. "ಒಂದು ಮಾತು ಹೇಳಿದ್ರೆ ಹಾಕಿಕೊಡ್ತಿದ್ದೆ."

ಅವಳು ಐವತ್ತೆರಡು ಬರುವವರೆಗೂ ಕೇಳಿಸಿಕೊಂಡಳು. ಆಮೇಲೆ ಎದ್ದು ಹೊರಗೆ ಹೋಗಿ, ಬೆಂಚಿನ ಮೇಲೆ ಆ ತಾಯಿಯ ಪಕ್ಕ ಕೂತು, ನಡೆದದ್ದನ್ನು ತಾನೇ ಹೇಳಿದಳು.

ತಾಯಿ ಬೈಯಲಿಲ್ಲ. ಇಷ್ಟೇ ಕೇಳಿದರು. "ಸುಡೋವಾಗ ಅವನ ಹತ್ರ ಯಾರಾದ್ರೂ ಅತ್ತರಾ?"

"ಅತ್ತಿರ್ತಾರಮ್ಮ. ಆ ಅಣ್ಣ ಇಲ್ಲೇ ತುಂಬಾ ಅಳ್ತಿದ್ದ."

"ಅವನು ಅತ್ತಿದ್ದು ಅವನ ತಮ್ಮನಿಗೆ," ಅಂದರು ತಾಯಿ. "ನನ್ನ ಮಗನಿಗೆ ಯಾರೂ ಅಳಲಿಲ್ಲ."

ಕೆಲಸ ಆ ತಿಂಗಳೇ ಹೋಯಿತು. ಅಣ್ಣ ಮತ್ತೆ ಬಂದು, ಈ ಸಲ ತನ್ನ ತಮ್ಮನನ್ನೇ ಒಯ್ದು ಸುಟ್ಟ. ಮೊದಲಿನ ಬೂದಿಯನ್ನು ಡಬ್ಬಿಯಲ್ಲಿ ತಾಯಿಯ ಮನೆಗೆ ತಂದುಕೊಟ್ಟ. ಅವರು ಮೂರು ವಾರ ಅದನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳಲಿಲ್ಲ ಅಂತ ಕೆಲಸದವನು ಒಂದು ದಿನ ಬಂದು ಹೇಳಿದ.

ಗಂಡನ ಕೈ ಹಿಡಿದುಕೊಂಡು ಅವಳು ಆ ಮನೆಗೆ ನಾಲ್ಕು ಸಲ ಹೋದಳು. ಮೂರು ಸಲ ಬಾಗಿಲು ತೆರೆಯಲಿಲ್ಲ. ನಾಲ್ಕನೇ ಸಲ ತೆರೆಯಿತು.

"ನೀವು ಬಂದು ಹೋದಾಗೆಲ್ಲ ಎರಡು ದಿನ ನಂಗೆ ನಿದ್ದೆ ಬರಲ್ಲ," ಅಂದರು ತಾಯಿ. "ಇನ್ನು ಬರಬೇಡಿ."

ಅವಳು ಆಯ್ತಮ್ಮ ಅಂದಳು. ಮತ್ತೆ ಹೋಗಲಿಲ್ಲ.