ನೋವಿಲ್ಲ, ಆದ್ದರಿಂದ ಮರ್ಮವಿಲ್ಲ

ಆದವಾನಿ ತಾಲ್ಲೂಕು ಕಚೇರಿಯ ಗುಮಾಸ್ತ ಸೇತುಮಾಧವಾಚಾರ್ಯರು ಪೂರ್ವಿಕರನ್ನು ತಿದ್ದಲು ಹೊರಟಿದ್ದರು. ದೇಹದಲ್ಲಿ ಪೆಟ್ಟು ತಾಳದ ನೂರೇಳು ಮರ್ಮಸ್ಥಾನಗಳಿವೆ ಎಂದು ಶಾಸ್ತ್ರ ಹೇಳುತ್ತದೆ. ಒಂದೊಂದರ ಕೆಳಗೂ ಇರುವುದು ನರವೋ, ರಕ್ತನಾಳವೋ, ಬರೀ ಮಾಂಸವೋ ಎಂದು ಕಣ್ಣಾರೆ ಕಂಡು ಬರೆದವರು ಈ ಸೀಮೆಯಲ್ಲಿ ಯಾರೂ ಇರಲಿಲ್ಲ. ಆಚಾರ್ಯರು ಬರೆಯುತ್ತಿದ್ದರು. ಶ್ರಾವಣಕ್ಕೆ ಬಳ್ಳಾರಿಯ ವೈದ್ಯರ ಸಭೆಯಲ್ಲಿ ಓದುವುದಿತ್ತು.

ಚೀನಾದವರು ಸೂಜಿ ಚುಚ್ಚಿಯೇ ರೋಗ ಬಿಡಿಸುತ್ತಾರಂತೆ ಎಂದು ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ ಮೇಲೆ, ಅವರು ದಿನವೂ ಸಂಜೆ ಹೊಲಿಗೆಯ ಸೂಜಿಯಿಂದ ತಮ್ಮ ಮೈಯನ್ನೇ ಚುಚ್ಚಿಕೊಂಡು, ನೋವು ಎಷ್ಟೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅರವತ್ತೊಂಬತ್ತನೆಯ ನಮೂದು ಹೀಗಿತ್ತು: "ಎಡಗೈ, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ. ಮೂರು ಸಲ ಚುಚ್ಚಿದೆ. ನೋವಿಲ್ಲ. ಆದ್ದರಿಂದ ಇಲ್ಲಿ ಮರ್ಮವಿಲ್ಲ. ಪೂರ್ವಿಕರು ತಪ್ಪಿದ್ದಾರೆ."

ಆ ಬೆರಳಿಗೆ ಸಂಕ್ರಾಂತಿಗೂ ಮೊದಲೇ ಜೋಮು ಹಿಡಿದಿತ್ತು. ಬಿಟ್ಟಿರಲಿಲ್ಲ. ಹಾಗೆ ಬಿಡದ ಜೋಮಿಗೆ ಊರಲ್ಲಿ ಒಂದು ಹೆಸರಿತ್ತು. ಕುಷ್ಠ ಎನ್ನಲು ಬಾಯಿ ಬಾರದವರು ಕನ್ನಡದಲ್ಲೂ ತೆಲುಗಿನಲ್ಲೂ 'ದೊಡ್ಡ ರೋಗ' ಎನ್ನುತ್ತಿದ್ದರು. ಆ ಹೆಸರು ಹೊಕ್ಕ ಮನೆಯ ಬಾವಿಗೆ ಯಾರೂ ಕೊಡ ಇಳಿಸುವುದಿಲ್ಲ. ಗುಮಾಸ್ತನ ಕುರ್ಚಿಯಂತೂ ಮರುದಿನವೇ ಖಾಲಿ. ಅದಕ್ಕೇ ಪೂರ್ವಿಕರು ತಪ್ಪಿರುವುದು ಆಚಾರ್ಯರಿಗೆ ಅಷ್ಟು ಅಗತ್ಯವಾಗಿತ್ತು.

ಶನಿವಾರಗಳಲ್ಲಿ ಉರುಕುಂದದ ಈರಣ್ಣನ ದರ್ಶನಕ್ಕೆಂದು ಮನೆಯಲ್ಲಿ ಹೇಳಿ, ಅವರು ಕೌತಾಳಂ ದಾರಿಯ ಉಚ್ಚೀರಪ್ಪನ ಕುರಿಹಟ್ಟಿಗೆ ಹೋಗುತ್ತಿದ್ದರು. ಕುರಿ ಕೊಯ್ದ ದಿನ ಉಚ್ಚೀರಪ್ಪ ಮುಂಗಾಲೊಂದನ್ನು ಎತ್ತಿಡುತ್ತಿದ್ದ. ಅವನು ಕತ್ತಿಯಿಂದ ಬಿಡಿಸುವುದು, ಇವರು ಒಂದು ಮಾರು ದೂರ ಕೂತು ಉದ್ದನೆಯ ಬೇವಿನ ಕಡ್ಡಿಯಿಂದ ತೋರಿಸುವುದು. ಕಡ್ಡಿಗೆ ಮೈಲಿಗೆಯಿಲ್ಲ.

"ನರ ತೆಗಿಯೋ," ಎಂದರು ಆ ಶನಿವಾರ.

ಉಚ್ಚೀರಪ್ಪ ಬಿಳಿಯದೊಂದನ್ನು ಎಳೆದು ತೋರಿಸಿದ.

"ಇದು ನರ ಅಲ್ಲ. ಸ್ನಾಯು. ಎಲುಬಿಗೆ ಕಟ್ಟಿದ ಹುರಿ."

"ಹ್ವಾದ ವಾರ ಕೆಂಪಂದು ಕೊಟ್ರ ರಕ್ತನಾಳ ಅಂದ್ರಿ. ಬೆಳ್ಳಂದು ಕೊಟ್ರ ಇನ್ನೇನೋ ಅಂತೀರಿ. ನಮ್ಮಾಗ ಎಲ್ಲಾ ನರಾನ ಸಾಮಿ. ಕುರೀಗೇನು ಸಂಸ್ಕೃತ ಬರ್ತೈತೇನು?"

"ಮೊಣಕೈ ಹತ್ರ ನೋಡು. ಅದು ಕೂರ್ಪರ ಮರ್ಮ. ಅಲ್ಲಿ ಪೆಟ್ಟು ಬಿದ್ರ ಮನುಷ್ಯಾ ಕುಣಿ ಆಗ್ತಾನ."

"ಕುಣಿಗಿ ಹೋಗ್ತಾನಾ? ಮೊಣಕೈ ಪೆಟ್ಟಿಗೆ?" ಉಚ್ಚೀರಪ್ಪ ಕತ್ತಿ ನಿಲ್ಲಿಸಿದ. "ನಮ್ಮ ಮನಿಯಾಕಿ ಬಸವಕ್ಕ ಮುದ್ದಿ ತಿರುವೋ ಕೋಲಿಲೆ ವಾರಕ್ಕೆರಡು ಸಲ ಅಲ್ಲೇ ಕೊಡ್ತಾಳ. ನಾ ಇನ್ನಾ ಕುಂತೀನಿ ನೋಡ್ರಿ."

"ಹೆಣ ಹೂಳೋ ಕುಣಿ ಅಲ್ಲೋ ಮಾರಾಯಾ. ಸಂಸ್ಕೃತದಾಗ ಕುಣಿ ಅಂದ್ರ ಕೈ ಸತ್ತವ."

"ಸತ್ತ ಮ್ಯಾಲ ಕುಣೀನ ಅಲ್ಲೇನ್ರಿ ಮತ್ತ."

ಮೊಣಕೈ ಎಲುಬಿನ ಹಿಂದಿನ ಸಂದಿಯಿಂದ ಕತ್ತಿಯ ತುದಿ ಒಂದು ಎಳೆಯನ್ನು ಮೇಲೆತ್ತಿತು. ಬೆಳ್ಳಗೆ, ಸಣ್ಣಗೆ, ದೇವರ ದೀಪಕ್ಕೆ ಹೊಸೆದ ಬತ್ತಿಯ ಹಾಗೆ.

"ಇದು," ಎಂದರು ಆಚಾರ್ಯರು. "ಇದೇ ನರ."

ಅವರ ಬಲಗೈ ತಾನಾಗಿ ಎಡ ಮೊಣಕೈಗೆ ಹೋಯಿತು. ಎಲುಬಿನ ಹಿಂದೆ, ಚರ್ಮದ ಕೆಳಗೆ, ಅದೇ ಸಂದಿಯಲ್ಲಿ ಬೆರಳಿಗೆ ಸಿಕ್ಕಿದ್ದು ಬತ್ತಿಯಲ್ಲ. ಲೇಖನಿಯಷ್ಟು ದಪ್ಪ. ಒತ್ತಿದರೆ ಆಚೀಚೆ ಉರುಳುತ್ತಿತ್ತು.

"ಕುರಿ ಸಣ್ಣ ಪ್ರಾಣಿ," ಎಂದರು. "ಮನುಷ್ಯಾರದು ದಪ್ಪ ಇರಬೇಕು."

ಉಚ್ಚೀರಪ್ಪ ತನ್ನ ಮೊಣಕೈ ಹಿಚುಕಿ ನೋಡಿದ. "ನಂದು ಬತ್ತೀನ ಐತಿ ಸಾಮಿ." ಕೈಯನ್ನು ಕಂಬಳಿಗೆ ಒರೆಸಿಕೊಂಡು, "ಕೊಡ್ರಿಲ್ಲಿ" ಎಂದು ಎದ್ದು ಬಂದ. ಮೂರು ವರ್ಷದಲ್ಲಿ ಮೊದಲ ಸಲ ಅವನು ಆಚಾರ್ಯರನ್ನು ಮುಟ್ಟಿದ. ಸರಿದು ಕೂರಬೇಕೆಂಬುದು ಅವರಿಗೆ ಹೊಳೆಯಲಿಲ್ಲ.

ಮೊಣಕೈ ಹಿಚುಕಿ, ಕೈಯನ್ನು ಬೆರಳ ತುದಿಯವರೆಗೂ ಸವರಿ, "ಸಾಮಿ, ನಿಮ್ಮ ಬೆರಳಾಗ ಮುಳ್ಳೈತಿ," ಎಂದ.

ಹಟ್ಟಿಯ ಬೇಲಿ ಹಿಡಿದು ಒಳಗೆ ಬಂದಾಗ ಚುಚ್ಚಿದ್ದಿರಬೇಕು. ಜಾಲಿ ಮುಳ್ಳು ಕಿರುಬೆರಳಿನಲ್ಲಿ ಅರ್ಧ ಇಳಿದಿತ್ತು.

"ನೋಯವಲ್ದೇನ್ರಿ?"

"ಇಲ್ಲ." ಅರವತ್ತೊಂಬತ್ತನೆಯ ನಮೂದಿನ ಪ್ರಕಾರ ಅದೇ ಸರಿಯಾದ ಉತ್ತರ.

ಉಚ್ಚೀರಪ್ಪ ಮುಳ್ಳು ಕಿತ್ತು ಬೇಲಿಯಾಚೆ ಎಸೆದ. ರೋಗದ ಹೆಸರು ಎತ್ತಲಿಲ್ಲ. "ಬಳ್ಳಾರಿ ದವಾಖಾನಿಗಿ ಹೋಗ್ರಿ. ಈರಣ್ಣ ಅದಾನ." ಇಷ್ಟು ದಿನ ಹಟ್ಟಿಯಿಂದ ಹೋಗಿ ಸ್ನಾನ ಮಾಡುತ್ತಿದ್ದವರು ಆಚಾರ್ಯರು. ಇವತ್ತು ಉಚ್ಚೀರಪ್ಪ ನೀರಿನ ಬಾನಿಯ ಹತ್ತಿರ ಹೋಗಿ ಎರಡು ಸಲ ಕೈ ತೊಳೆದುಕೊಂಡ. ಅವರಿಗೆ ಬೇಸರವೇನೂ ಆಗಲಿಲ್ಲ. ಏನೂ ಆಗಲಿಲ್ಲ.

ಮನೆಯಲ್ಲಿ ಹೆಂಡತಿ ಅಂಬೂಬಾಯಿ ಕಾಫಿ ತಂದಿಟ್ಟರು. "ಈರಣ್ಣನ ತೀರ್ಥ ಇವತ್ತೂ ಕುರಿ ವಾಸನಿ ಬರ್ತದಲ್ರೀ."

ಲೋಟಕ್ಕೆ ಹಳೆ ಸೀರೆಯ ಚೂರು ಸುತ್ತಿತ್ತು. ತಿಂಗಳುಗಳಿಂದ ಸುತ್ತಿಯೇ ಬರುತ್ತಿತ್ತು. ಹೆಂಗಸರ ಮಡಿಯ ಏನೋ ಒಂದು ಎಂದು ಅವರು ಸುಮ್ಮನಿದ್ದರು.

"ಇದಕ್ಯಾಕ ಬಟ್ಟಿ?"

"ಸಂಕ್ರಾಂತಿಗೆ ಎಳ್ಳು ಹುರಿಯೋ ಬಾಣಲಿ ಎಡಗೈಲೆ ಇಳಿಸಿದ್ರಿ. ಚರ್ಮ ಸುಟ್ಟ ವಾಸನಿ ನನಗ ಬಂತು. ನೀವು ಪಂಚಾಂಗದ ಮಾತು ಆಡ್ಲಿಕ್ಕೆ ಹತ್ತಿದ್ರಿ."

"ಹೇಳಬೇಕಾಗಿತ್ತು."

"ನೀವೂ ಹೇಳ್ಲಿಲ್ಲ." ಅಂಬೂಬಾಯಿ ಸೆರಗು ಸರಿಮಾಡಿಕೊಂಡರು. "ಸೋಮವಾರ ಬಳ್ಳಾರಿ ದವಾಖಾನಿಗೆ ಹೋಗೋಣು. ಗುಂತಕಲ್ಲಿನಾಗ ಗಾಡಿ ಬದಲಿಸಬೇಕಲ್ಲ, ಅವಲಕ್ಕಿ ಕಟ್ಕೋತೀನಿ."

"ನೀ ಯಾಕ?"

"ಬಿಸಿ ಯಾವುದು, ತಣ್ಣಂದು ಯಾವುದು ಅಂತ ಹೇಳ್ಲಿಕ್ಕೆ ಒಬ್ರು ಬೇಕಲ್ರೀ."

ಆಚಾರ್ಯರು ಭಯ ಬರುತ್ತದೆಂದು ಕಾದರು. ಕಾಫಿ ಆರಿತು, ಭಯ ಬರಲಿಲ್ಲ. ಕೊನೆಗೆ ನೋಟ್‌ಬುಕ್ ತೆಗೆದು, ಅರವತ್ತೊಂಬತ್ತನೆಯ ನಮೂದಿನಲ್ಲಿ 'ಪೂರ್ವಿಕರು ತಪ್ಪಿದ್ದಾರೆ' ಎಂಬುದರ ಮೇಲೆ ಗೆರೆ ಎಳೆದರು. ಕಚೇರಿಯ ಕಾಗದದಲ್ಲಿ ಹೊಡೆದುಹಾಕಿದ ಅಕ್ಷರದ ಪಕ್ಕ ಸಹಿಯಿಲ್ಲದಿದ್ದರೆ ಊರ್ಜಿತವಲ್ಲ. ಗೆರೆಯ ಪಕ್ಕದಲ್ಲಿ ತಾರೀಖು ಹಾಕಿ, ತಮ್ಮ ಪೂರ್ತಿ ಹೆಸರು ಬರೆದು ಸಹಿ ಮಾಡಿದರು.